ಬಾಗಿಲಿಗೆ ಅಂಟಿಸಿದ ಸ್ವಾಧೀನ

ಒಳಗೆ ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತಿದೆ. ಹೊರಗೆ ಬಾಗಿಲಿಗೆ ಮೈದಾ ಅಂಟಿನಲ್ಲಿ ಮೆತ್ತಿದ ಹಾಳೆ, ಈ ಸ್ವತ್ತನ್ನು ಬ್ಯಾಂಕು ಸ್ವಾಧೀನಕ್ಕೆ ತೆಗೆದುಕೊಂಡಿದೆ ಎಂದು ಸಾರುತ್ತಿದೆ. ಎರಡೂ ನಿಜ. ಇದರ ಹೆಸರು ಸಾಂಕೇತಿಕ ಸ್ವಾಧೀನ. ಮನೆಯವರು ಮನೆಯಲ್ಲೇ, ಬೀಗದ ಕೈ ಅವರ ಸೊಂಟದಲ್ಲೇ, ಸ್ವಾಧೀನ ಮಾತ್ರ ಬ್ಯಾಂಕಿನದು. ಮಾಯೆಯನ್ನು ವಿವರಿಸಲು ಶಂಕರರಿಗೂ ಇಷ್ಟು ಸಲೀಸಾದ ಉದಾಹರಣೆ ಸಿಕ್ಕಿರಲಿಲ್ಲ.

2002ರ ಸರ್ಫೇಸಿ ಕಾಯ್ದೆಯ 13ನೇ ಸೆಕ್ಷನ್ನಿನ ಪ್ರಕಾರ, ಅಡಮಾನದ ಸ್ವತ್ತಿನಿಂದ ಸಾಲ ವಸೂಲು ಮಾಡಲು ಕೋರ್ಟು ನಡುವೆ ಬರಬೇಕಾಗಿಲ್ಲ. ವಕೀಲರ ಹೊಟ್ಟೆಗೆ ಕಲ್ಲು ಬಿತ್ತು ಎಂದು ಅಂದು ಮರುಗಿದವರು ಕಾಯ್ದೆಯನ್ನು ಪೂರ್ತಿ ಓದಿರಲಿಲ್ಲ. ಈಗ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ, ಚೆನ್ನೈನ ಮೇಲ್ಮನವಿ ಮಂಡಳಿ, ಹೈಕೋರ್ಟಿನ ರಿಟ್ಟು, ಡಿಸಿ ಕಚೇರಿ, ಎಲ್ಲಿ ನೋಡಿದರೂ ಬ್ಯಾಂಕು ತನ್ನ ಪಟ್ಟಿಗೆ ಸೇರಿಸಿಕೊಂಡ ಪ್ಯಾನೆಲ್ ವಕೀಲರು. ಕೋರ್ಟೇ ಬೇಡ ಎಂದ ಕಾನೂನು ಕರಿಕೋಟಿಗೆ ಇಷ್ಟು ಕೆಲಸ ಕೊಟ್ಟದ್ದು ಸಣ್ಣ ಸಾಧನೆಯಲ್ಲ.

ಕಂತು ಕಟ್ಟದೆ 90 ದಿನ ದಾಟಿದರೆ ಅದು ಕೆಟ್ಟ ಸಾಲ, ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ. ಆಮೇಲೆ 60 ದಿನದ ಗಡುವಿನ ಡಿಮ್ಯಾಂಡ್ ನೋಟಿಸು. ಅದರಲ್ಲಿ ಬಾಕಿಯ ವಿವರವೂ ಸ್ವತ್ತಿನ ವಿವರವೂ ಇರಬೇಕು. ಎಡವುವುದು ಇಲ್ಲೇ. ಸ್ವತ್ತಿನ ವಿವರದ ಷೆಡ್ಯೂಲನ್ನು ಹಳೇ ಫೈಲಿನಿಂದ ಎತ್ತಿ ಅಂಟಿಸಿರುತ್ತಾರೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೂ ರಸ್ತೆ, ಪಶ್ಚಿಮಕ್ಕೂ ಅದೇ ರಸ್ತೆ, ನಡುವೆ ನಿವೇಶನ ಎಲ್ಲಿ ನಿಂತಿದೆಯೋ ದೇವರೇ ಬಲ್ಲ. ಸಾಲ ಕೊಡುವಾಗ ಈ ಸ್ವತ್ತಿಗೆ ‘ಹಕ್ಕು ಸ್ಪಷ್ಟವಾಗಿದೆ, ಮಾರಾಟಕ್ಕೆ ಯೋಗ್ಯವಾಗಿದೆ’ ಎಂದು ಲೀಗಲ್ ಒಪೀನಿಯನ್ ಬರೆದದ್ದೂ ಪ್ಯಾನೆಲ್ ವಕೀಲರೇ. ಆ ಬಿಲ್ಲು ಬೇರೆ.

ಸಾಲಗಾರ ಆಕ್ಷೇಪಣೆ ಬರೆದರೆ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ 15 ದಿನದೊಳಗೆ ಕಾರಣ ತಿಳಿಸಬೇಕು. ಉತ್ತರ ಕಂಪ್ಯೂಟರಿನಲ್ಲಿ ತಯಾರಾಗಿಯೇ ಇರುತ್ತದೆ: ‘ತಮ್ಮ ಆಕ್ಷೇಪಣೆಗಳು ಊರ್ಜಿತವಲ್ಲ, ಸತ್ಯಕ್ಕೆ ದೂರ, ಕಾಲಹರಣದ ಹುನ್ನಾರ.’ ಕಂತು ಕಟ್ಟಿದ ರಸೀದಿ ಲಗತ್ತಿಸಿದವನಿಗೂ ಇದೇ, ಗಂಡ ತೀರಿಕೊಂಡಿದ್ದಾರೆ, ವಿಮೆ ಹಣ ಬರಬೇಕು ಎಂದು ಬರೆದಾಕೆಗೂ ಇದೇ. ಸರಿ, ಈ ಉತ್ತರ ಹಿಡಿದು ನ್ಯಾಯಮಂಡಳಿಗೆ ಹೋಗೋಣವೆಂದರೆ, ಇಷ್ಟರಿಂದಲೇ ಅರ್ಜಿ ಹಾಕುವ ಹಕ್ಕು ಹುಟ್ಟುವುದಿಲ್ಲ ಎಂದು ಕಾಯ್ದೆಯೇ ಬರೆದಿಟ್ಟಿದೆ. ಕಾರಣ ಕೊಡಲೇಬೇಕು, ಆ ಕಾರಣವನ್ನು ಆಗಲೇ ಪ್ರಶ್ನಿಸಕೂಡದು. ಬಾಗಿಲಿಗೆ ಹಾಳೆ ಅಂಟುವವರೆಗೆ ಕಾಯಬೇಕು. ಅಂಟಿದ ಮೇಲೆ ಅರ್ಜಿ ಹಾಕಲು 45 ದಿನ.

ಆ ಹಾಳೆ 7 ದಿನದೊಳಗೆ ಎರಡು ಪತ್ರಿಕೆಗಳಲ್ಲೂ ಬರಬೇಕು, ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಕನ್ನಡಕ್ಕೆ ಸಲ್ಲುವ ಗೌರವ ಇದು: ಸಾಸಿವೆ ಕಾಳಿನಷ್ಟು ಅಕ್ಷರ, ನಲವತ್ತು ಪದದ ವಾಕ್ಯ, ಕ್ರಿಯಾಪದ ನಾಪತ್ತೆ.

ನಿಜವಾಗಿ ಮನೆ ಬಿಡಿಸಬೇಕಾದರೆ ಸೆಕ್ಷನ್ 14ರ ಅಡಿಯಲ್ಲಿ ಜಿಲ್ಲಾಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಮುಂದೆ ಒಂಬತ್ತು ಅಂಶಗಳ ಅಫಿಡವಿಟ್ಟು. ಆಕ್ಷೇಪಣೆ ಪರಿಶೀಲಿಸಿ ಕಾರಣ ತಿಳಿಸಿದ್ದೇವೆ ಎಂಬ ಪ್ರಮಾಣವೂ ಅದರಲ್ಲಿ ಸೇರಿದೆ. ಪ್ರಮಾಣ ಮಾಡುವ ಬ್ಯಾಂಕ್ ಅಧಿಕಾರಿ ಸಹಿ ಎಲ್ಲಿ ಎಂದು ಮಾತ್ರ ಕೇಳುತ್ತಾರೆ. ಆದೇಶಕ್ಕೆ 30 ದಿನ, ಹೆಚ್ಚೆಂದರೆ 60 ದಿನ ಎಂದು ಕಾಯ್ದೆ ಹೇಳುತ್ತದೆ. ಆ ಗಡುವು ಕಡ್ಡಾಯವಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ಡಿಸಿ ಕಚೇರಿಯ 60 ದಿನ ರಬ್ಬರಿನದು. ಸಾಲಗಾರನ 45 ದಿನ ದಾಟಿದರೆ ಮಾತ್ರ ಬ್ಯಾಂಕಿನ ತಕರಾರಿನ ಮೊದಲ ಪುಟದಲ್ಲೇ ‘ಕಾಲಮಿತಿ ಮೀರಿದೆ’ ಎಂದು ದಪ್ಪಕ್ಷರ.

ವಿದ್ವತ್ತು ಅರಳುವುದನ್ನು ನೋಡಬೇಕಾದರೆ ಮಲೆನಾಡು, ಕೊಡಗಿನ ಕಾಫಿ ತೋಟದ ಫೈಲು ತೆರೆಯಬೇಕು. ಸೆಕ್ಷನ್ 31(ಐ) ಪ್ರಕಾರ ಕೃಷಿ ಭೂಮಿಗೆ ಈ ಕಾಯ್ದೆ ತಾಗುವಂತಿಲ್ಲ. ಪಹಣಿಯಲ್ಲಿ ಕಾಫಿ, ನೆರಳಿಗೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು. ವಕೀಲರ ವಾದ: ಇದು ಕೃಷಿಯಲ್ಲ, ಪ್ಲಾಂಟೇಶನ್. ಆಧಾರ? ಒಬ್ಬರು ಇಷ್ಟೇ ಜಮೀನು ಇಟ್ಟುಕೊಳ್ಳಬಹುದು ಎಂಬ ಭೂಸುಧಾರಣೆ ಕಾಯ್ದೆಯ ಮಿತಿಯಿಂದ ತೋಟಗಳಿಗೆ ವಿನಾಯಿತಿ ಇದೆಯಲ್ಲ! ಬೆಳೆಗಾರನ ಅಜ್ಜನ ಕಾಲದಲ್ಲಿ ತೋಟ ಉಳಿಸಿದ ವಿನಾಯಿತಿಯೇ ಮೊಮ್ಮಗನ ಕಾಲದಲ್ಲಿ ತೋಟವನ್ನು ಹರಾಜಿಗೆ ಎಳೆದು ತರುತ್ತದೆ. ಭೂಮಿ ಕೃಷಿಯದೋ ಅಲ್ಲವೋ ಎಂಬುದನ್ನು ಅದರ ನಿಜವಾದ ಬಳಕೆ ನೋಡಿ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ, ಗಿಡ ನೆಟ್ಟು, ಗೊಬ್ಬರ ಹಾಕಿ, ಚಿಗುರು ತೆಗೆದು, ಹಣ್ಣು ಕೊಯ್ಯುವುದು ಕೃಷಿಯೇ ಎಂದು ಒಬ್ಬ ಮನುಷ್ಯ ದಾಖಲೆ ಸಮೇತ ಸಾಬೀತು ಮಾಡಬೇಕು, ಅದೂ ಬೆಂಗಳೂರಿಗೆ ಬಂದು, ಕೊಯ್ಲಿನ ದಿನಗಳಲ್ಲಿ.

(ಸಾಲಗಾರರ ಕಡೆಯ ವಕೀಲರೇನು ಹಿಂದೆ ಬಿದ್ದವರಲ್ಲ. ಸ್ವಾಧೀನದ ಹಿಂದಿನ ರಾತ್ರಿ ಮಳೆಗಾಲದ ಅಣಬೆಯಂತೆ ಬಾಡಿಗೆದಾರ ಹುಟ್ಟುತ್ತಾನೆ, ಕೈಯಲ್ಲಿ ಐದು ವರ್ಷ ಹಳೆಯ ಕರಾರು, ಅದರ ಮೇಲೆ ಇನ್ನೂ ಆರದ ಶಾಯಿ.)

ಬೆಂಗಳೂರಿನಲ್ಲಿ ಸೋತರೆ ಚೆನ್ನೈ. ಮೇಲ್ಮನವಿಗೆ ಬಾಕಿಯ ಶೇ 50ರಷ್ಟು ಮೊದಲೇ ಠೇವಣಿ ಇಡಬೇಕು. ಮಂಡಳಿಗೆ ಕರುಣೆ ಬಂದರೆ ಶೇ 25ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. ಕಂತಿಗೆ ದುಡ್ಡಿಲ್ಲದವನು ತನ್ನ ಬಳಿ ದುಡ್ಡಿಲ್ಲ ಎಂದು ಹೇಳಿಕೊಳ್ಳಲು ಅರ್ಧ ಸಾಲ ತೀರಿಸಬೇಕು. ಠೇವಣಿ ಇಟ್ಟಿಲ್ಲ ಎಂಬ ಒಂದೇ ಸಾಲಿಗೆ ಬ್ಯಾಂಕಿನ ವಕೀಲರು ಗೆಲ್ಲುತ್ತಾರೆ, ವಿಮಾನದ ಟಿಕೆಟ್ಟಿನ ಸಮೇತ.

ಇನ್ನು ಹರಾಜು. ಪ್ರಕಟಣೆಯ ಕೊನೆಯಲ್ಲಿ ಒಂದು ಮಂತ್ರವಿರುತ್ತದೆ: ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ, ಏನಿದೆಯೋ ಅದೇ. ಕೊಂಡವನು ಮರು ಕೆಲಸದ ದಿನದೊಳಗೆ ಶೇ 25, ಹದಿನೈದು ದಿನದಲ್ಲಿ ಉಳಿದದ್ದು ಕಟ್ಟುತ್ತಾನೆ. ಮಾರಾಟ ಪ್ರಮಾಣಪತ್ರ ಹಿಡಿದು ಮನೆ ನೋಡಲು ಹೋದರೆ ಒಳಗಿನಿಂದ ಕುಕ್ಕರ್ ಸೀಟಿ. ಸಾಂಕೇತಿಕ ಸ್ವಾಧೀನದ ಮನೆಯನ್ನು ನಿಜವಾದ ದುಡ್ಡಿಗೆ ಕೊಂಡಿದ್ದಾನೆ. ವಕೀಲರಿಗೆ ಫೋನ್ ಮಾಡಿದರೆ ಮಂತ್ರ ಓದಿ ಎನ್ನುತ್ತಾರೆ. ದುಡ್ಡು ವಾಪಸು ಕೊಡಿ ಎಂದು ಅವನೂ ನ್ಯಾಯಮಂಡಳಿಯ ಮೆಟ್ಟಿಲು ಹತ್ತುತ್ತಾನೆ. ಆ ಅರ್ಜಿಗೆ ಬ್ಯಾಂಕಿನ ಪರ ವಕಾಲತ್ತು ಬೇರೆ, ಬಿಲ್ಲೂ ಬೇರೆ.