ಸ್ಪಷ್ಟನೆ: ‘ಆಲಿಯಾ ಯಾಕ್ಟಾ ಎಸ್ಟ್’ ತಪ್ಪಲ್ಲ

ಪ್ರಾಚೀನ ರೋಮ್‌ನ ಲ್ಯಾಟಿನ್ ಭಾಷೆಯ ಮಾತೊಂದರ ಬಗ್ಗೆ ‘ಆಲಿಯಾ ಯಾಕ್ಟಾ ಎಸ್ಟ್ ಅನ್ನೋದು ತಪ್ಪು, ಯಾಕ್ಟಾ ಆಲಿಯಾ ಎಸ್ಟ್ ಅಂತಲೇ ಬರೆಯಬೇಕು’ ಎಂಬ ಮಾತು ಈಗ ಓಡಾಡುತ್ತಿದೆ. ಇದು ಅರ್ಧ ಸತ್ಯ ಅಷ್ಟೇ.

ಕ್ರಿ.ಪೂ. 49ರಲ್ಲಿ ರೂಬಿಕಾನ್ ನದಿ ದಾಟುವಾಗ ರೋಮನ್ ಸೇನಾನಿ ಜೂಲಿಯಸ್ ಸೀಸರ್ ಹೇಳಿದ ಮಾತಿದು: ದಾಳ ಉರುಳಿಯಾಗಿದೆ. ಒಂದೂವರೆ ಶತಮಾನಕ್ಕೂ ಜಾಸ್ತಿ ಕಾಲದ ನಂತರ ರೋಮನ್ ಲೇಖಕ ಸ್ವೆಟೋನಿಯಸ್ ಅದನ್ನು ಬರೆದಿಟ್ಟ. ಅವನ ಬರಹದಲ್ಲಿ ‘ಯಾಕ್ಟಾ’ ಮೊದಲು ಬರುತ್ತದೆ, ನಿಜ. ಆದರೆ ಗ್ರೀಕ್ ಲೇಖಕ ಪ್ಲೂಟಾರ್ಕ್ ಪ್ರಕಾರ ಸೀಸರ್ ಅದನ್ನು ಹೇಳಿದ್ದು ಗ್ರೀಕ್‌ನಲ್ಲಿ! ಹಾಗಿರುವಾಗ ಲ್ಯಾಟಿನ್‌ನಲ್ಲಿ ಇದೊಂದೇ ಕ್ರಮ ಸರಿ ಅಂತ ಹಟ ಹಿಡಿಯೋದು ಎಷ್ಟು ಸರಿ?

ವ್ಯಾಕರಣದ ಪ್ರಕಾರ ಎರಡೂ ಸರಿ. ಲ್ಯಾಟಿನ್‌ನಲ್ಲಿ ಯಾರು ಏನು ಮಾಡಿದರು ಅನ್ನೋದನ್ನು ಮುಖ್ಯವಾಗಿ ಪದದ ಕೊನೆ ಹೇಳುತ್ತದೆ, ಜಾಗ ಅಲ್ಲ. ಕನ್ನಡದಲ್ಲೂ ಹಾಗೇ ಅಲ್ವಾ? ‘ಹುಡುಗ ನಾಯಿಯನ್ನು ಕಂಡ’, ‘ನಾಯಿಯನ್ನು ಹುಡುಗ ಕಂಡ’. ಒತ್ತು ಬದಲಾಗುತ್ತದೆ, ಕಂಡವನು ಹುಡುಗನೇ.

‘ಮ್ಯಾಗ್ನಾ ಕಮ್ ಲೌಡೆ’ (ದೊಡ್ಡ ಪ್ರಶಂಸೆಯೊಂದಿಗೆ) ಎಂಬುದನ್ನು ‘ಕಮ್ ಮ್ಯಾಗ್ನಾ ಲೌಡೆ’ ಎಂದು ಸುಮ್ನೆ ತಿದ್ದುವವರೂ ಇದ್ದಾರೆ. ದಯವಿಟ್ಟು ಬೇಡ. ‘ಮ್ಯಾಗ್ನಾ’ದಂಥ ವಿಶೇಷಣವನ್ನು ‘ಕಮ್’ಗಿಂತ (ಅಂದರೆ ‘ಜೊತೆಗೆ’) ಮೊದಲು ಇಡುವುದು ಲ್ಯಾಟಿನ್‌ನಲ್ಲಿ ಸಹಜ, ಪದವಿ ಪತ್ರಗಳಲ್ಲಿ ಉಳಿದಿರುವುದೂ ಅದೇ.

ಹಾಗಂತ ಎಲ್ಲವನ್ನೂ ಕಲಸುವಂತಿಲ್ಲ. ‘ಆಡ್ ಹಾಕ್’ (ಇದಕ್ಕಾಗಿ) ಅನ್ನು ‘ಹಾಕ್ ಆಡ್’ ಎಂದರೆ ತಪ್ಪೇ. ಸೀಸರ್‌ನದೇ ಇನ್ನೊಂದು ಮಾತು ‘ವೇನಿ, ವಿಡಿ, ವಿಕಿ’ಯಲ್ಲಿ ಬಂದೆ, ಕಂಡೆ, ಗೆದ್ದೆ ಅನ್ನೋದು ನಡೆದ ಕ್ರಮ. ಅದನ್ನು ಹಿಂದುಮುಂದು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಕಥೆ ಕೆಡುತ್ತದೆ.