ಬ್ರೇಕಿಲ್ಲದ ಸೈಕಲ್ಲಿಗೆ ಎರಡು ಬ್ರೇಕು

ಸೈಕಲ್ಲೆಂದರೆ ಏನೇನು ಇರಬೇಕು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ನಿಯಮ ಮಾಡಿಟ್ಟಿದೆ. ಬ್ರೇಕು ಬೇಕು, ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರ್‌ಗಳು ಬೇಕು, ಮುಂದೊಂದು ಹಿಂದೊಂದು ಹಲ್ಲುಚಕ್ರ ಮಾತ್ರ ಇದ್ದರೆ ಚೈನಿಗೆ ಕವರು ಬೇಕು. ಟ್ರ್ಯಾಕ್ ಸೈಕಲ್ಲಿಗೆ ಮಾತ್ರ ಇದ್ಯಾವುದೂ ಅನ್ವಯಿಸುವುದಿಲ್ಲ. ಬ್ರೇಕಿಲ್ಲದ, ಒಂದೇ ಗೇರಿನ, ಫ್ರೀವೀಲ್ ಇಲ್ಲದ, ವೆಲೊಡ್ರೋಮ್ ಎಂಬ ಸೈಕಲ್ ಪಂದ್ಯದ ಅಂಗಣದ ಸ್ಪರ್ಧೆಗೆಂದೇ ರೂಪಿಸಿ ಆ ಉದ್ದೇಶಕ್ಕೇ ಮಾರುವ ಯಂತ್ರವೇ ಟ್ರ್ಯಾಕ್ ಸೈಕಲ್. ಇದನ್ನೇ ಬೀದಿಯ ಸವಾರರಿಗೆ ಮಾರಬಯಸಿದ ಕಂಪನಿಗಳಿಗೆ ಇಷ್ಟು ಸಾಕಾಯಿತು. ಮಾರುವವನ ಉದ್ದೇಶವನ್ನು ಅಳೆಯುವ ಮೀಟರನ್ನು ಯಾವ ಸರ್ಕಾರವೂ ಇನ್ನೂ ಕಂಡುಹಿಡಿದಿಲ್ಲ.

ಹಾಗಾಗಿ ಒಂದೇ ಸೈಕಲ್ಲಿಗೆ ಎರಡು ಜಾತಕ ಸಿದ್ಧವಾದವು. ಕೈಪಿಡಿಯ ಪ್ರಕಾರ ಅದು ವೆಲೊಡ್ರೋಮ್ ಬಿಟ್ಟು ಹೊರಗೆ ಬರುವಂತಿಲ್ಲ. ಕ್ಯಾಟಲಾಗಿನ ಚಿತ್ರದಲ್ಲಿ ಅದು ಫ್ಲೈಓವರಿನ ಕೆಳಗೆ, ಬಣ್ಣದ ಗೀಚು ತುಂಬಿದ ಗೋಡೆಗೆ ಒರಗಿ ನಿಂತಿದೆ. ಪಕ್ಕದಲ್ಲಿ ಹಚ್ಚೆ ಹಾಕಿಸಿಕೊಂಡ ಹುಡುಗನೊಬ್ಬ ಪ್ಯಾಂಟಿನ ಒಂದು ಕಾಲನ್ನು ಮಡಿಸಿಕೊಂಡು ಬೇಸರದಿಂದ ಎತ್ತಲೋ ನೋಡುತ್ತಿದ್ದಾನೆ. ಬಹುಶಃ ವೆಲೊಡ್ರೋಮ್ ಹುಡುಕುತ್ತಿದ್ದಾನೆ. ಅಷ್ಟು ದೊಡ್ಡ ದೇಶದಲ್ಲಿ ಇರುವುದೇ ಎರಡು ಡಜನ್ ಆಸುಪಾಸು, ಸಿಗಲು ಹೊತ್ತಾಗುತ್ತದೆ.

ಫ್ರೀವೀಲ್ ಇಲ್ಲದ ಇಂಥ ಸೈಕಲ್ಲಿಗೆ ಫಿಕ್ಸೆಡ್ ಗೇರ್ ಸೈಕಲ್ ಎನ್ನುತ್ತಾರೆ; ಅದನ್ನು ನೋಡದವರಿಗೆ ಒಂದು ಮಾತು. ನಮ್ಮ ಸೈಕಲ್ಲುಗಳು ಇಳಿಜಾರಿಗೆ ಬಂದರೆ ಕಾಲು ಸುಮ್ಮನೆ ಇಟ್ಟುಕೊಳ್ಳಬಹುದು, ಫ್ರೀವೀಲ್ ಕಟಕಟ ಎನ್ನುತ್ತಿರುತ್ತದೆ. ಇದರಲ್ಲಿ ಆ ಸುಖವಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲಿನ ಜೊತೆ ಕಾಲೂ ತಿರುಗಬೇಕು. ನಿಲ್ಲಿಸಬೇಕೆಂದರೆ ಮೈಭಾರವನ್ನು ಮುಂದಕ್ಕೆ ಹಾಕಿ, ಪೆಡಲನ್ನು ಕಾಲಿನಿಂದಲೇ ತಡೆದು, ಹಿಂದಿನ ಚಕ್ರವನ್ನು ಜಾರಿಸಬೇಕು. ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕೊರಿಯರ್ ಹುಡುಗರು ಇದನ್ನು ಹಿಡಿದದ್ದು ತತ್ವಕ್ಕಾಗಿ ಏನಲ್ಲ. ಕೆಡುವ ಭಾಗ ಕಡಿಮೆ, ಕದಿಯುವ ಭಾಗ ಇನ್ನೂ ಕಡಿಮೆ.

ಕಂಪನಿಗಳ ಸಂಕಟವನ್ನೂ ಅರ್ಥಮಾಡಿಕೊಳ್ಳಬೇಕು. ಟೂರ್ ಡಿ ಫ್ರಾನ್ಸ್ 1937ರಲ್ಲಿ ಗೇರು ಬದಲಿಸುವ ಡಿರೇಲರ್‌ಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಈಚೆಗೆ ಆ ಉದ್ಯಮಕ್ಕೆ ಗೊತ್ತಿರುವ ವ್ಯಾಕರಣ ಒಂದೇ: ಹೋದ ವರ್ಷಕ್ಕಿಂತ ಈ ವರ್ಷ ಒಂದು ಹಲ್ಲುಚಕ್ರ ಹೆಚ್ಚು. ಗೇರಿನ ಲೆಕ್ಕ ಏರಿದಂತೆ ಬೆಲೆಯೂ ಏರುತ್ತದೆ, ಹಳೆಯ ಸೈಕಲ್ ತಾನಾಗಿಯೇ ಹಳತಾಗುತ್ತದೆ. ಅಂಥ ಸುಖಸಂಸಾರದ ನಡುವೆ, ಈ ಶತಮಾನದ ಮೊದಲ ದಶಕದಲ್ಲಿ, ಯುವಕರ ಹಿಂಡೊಂದು ಬಂದು ‘ನಮಗೆ ಒಂದೇ ಗೇರು ಸಾಕು, ನಿಮ್ಮ ಸ್ಟಿಕ್ಕರ್ ಕೂಡ ಬೇಡ’ ಎಂದರೆ ಮಾರಾಟ ವಿಭಾಗದವರು ಏನು ಮಾಡಬೇಕು? ಏನೂ ಬೇಡ ಎನ್ನುವವನಿಗೆ ಆ ‘ಏನೂ ಇಲ್ಲ’ವನ್ನೇ ಪ್ಯಾಕ್ ಮಾಡಿ ಕೊಡಬೇಕು. ಕೊಟ್ಟರು.

ಸ್ಪೆಷಲೈಜ್ಡ್ ಕಂಪನಿ ತನ್ನ ಲ್ಯಾಂಗ್‌ಸ್ಟರ್ ಮಾದರಿಯನ್ನು ಊರಿಗೊಂದರಂತೆ ಹೊರತಂದಿತು. ಬೋಸ್ಟನ್ನಿಗೆ ಒಂದು, ಷಿಕಾಗೊಗೆ ಒಂದು, ಲಂಡನ್ನಿಗೆ ಒಂದು. ನ್ಯೂಯಾರ್ಕಿನ ಆವೃತ್ತಿಗೆ ಬಳಿದದ್ದು ಅಲ್ಲಿನ ಟ್ಯಾಕ್ಸಿಯ ಹಳದಿ ಬಣ್ಣ. ನ್ಯೂಯಾರ್ಕಿನ ಕೊರಿಯರ್ ಹುಡುಗನಿಗೆ ಭೂಮಿಯ ಮೇಲೆ ಯಾರಾದರೂ ಜನ್ಮವೈರಿ ಇದ್ದರೆ ಅದು ಹಿಂದೆ ಮುಂದೆ ನೋಡದೆ ಬಾಗಿಲು ತೆರೆಯುವ ಹಳದಿ ಟ್ಯಾಕ್ಸಿ. ಅದೇ ಬಣ್ಣವನ್ನು ಅವನ ತೊಡೆಗಳ ನಡುವೆ ಇಟ್ಟ ಪುಣ್ಯಾತ್ಮನಿಗೆ ಬಡ್ತಿ ಸಿಕ್ಕಿರಬೇಕು.

ಇನ್ನು ಫ್ಲಿಪ್-ಫ್ಲಾಪ್ ಹಬ್. ಇದು ಕಂಪನಿಗಳ ವಕೀಲರಿಗೆ ತುಂಬ ಪ್ರಿಯವಾದ ಬಿಡಿಭಾಗ. ಹಿಂದಿನ ಚಕ್ರದ ಒಂದು ಕಡೆ ಫಿಕ್ಸೆಡ್, ಇನ್ನೊಂದು ಕಡೆ ಫ್ರೀವೀಲ್. ಚಕ್ರ ಬಿಚ್ಚಿ ತಿರುಗಿಸಿ ಹಾಕಿದರೆ ಬಂಡಾಯಗಾರ ಮರಳಿ ಗೃಹಸ್ಥನಾಗುತ್ತಾನೆ. ಅಡ್ಡಗೋಡೆಯ ಮೇಲಿನ ದೀಪಕ್ಕೆ ಇದಕ್ಕಿಂತ ಒಳ್ಳೆಯ ಯಂತ್ರರೂಪವನ್ನು ನಾನು ಕಂಡಿಲ್ಲ. ಬೀದಿಗೆಂದು ಮಾರುವ ಇಂಥ ಸೈಕಲ್ಲಿಗೆ ನಿಯಮದ ಪ್ರಕಾರ ಬ್ರೇಕು, ರಿಫ್ಲೆಕ್ಟರ್, ಚೈನ್ ಕವರು ಎಲ್ಲವನ್ನೂ ಹಾಕಿ ಕಳಿಸುತ್ತಾರೆ. ಕೊಂಡವನು ಅಂಗಡಿಯ ಮುಂದೆಯೇ 5 ಮಿಲಿಮೀಟರಿನ ಆ್ಯಲೆನ್ ಕೀ ತೆಗೆದು ಒಂದೊಂದನ್ನೇ ಬಿಚ್ಚುತ್ತಾನೆ. ಮೊದಲು ರಿಫ್ಲೆಕ್ಟರ್, ಆಮೇಲೆ ಕವರು, ಹಿಂದಿನ ಬ್ರೇಕು, ಧೈರ್ಯ ಉಳಿದಿದ್ದರೆ ಮುಂದಿನದು. ಎಲ್ಲವೂ ಕಾರ್ಖಾನೆಯ ಹೊಳಪಿನಲ್ಲೇ ಅಂಗಡಿಯವನ ಡ್ರಾಯರ್ ಸೇರುತ್ತವೆ. ಹಾಕಿದ್ದಕ್ಕೂ ದುಡ್ಡು ಕೊಟ್ಟಿದ್ದಾನೆ, ಬಿಚ್ಚಿದ್ದಕ್ಕೂ ಹೆಮ್ಮೆಪಟ್ಟಿದ್ದಾನೆ.

ನನಗೆ ಅತಿ ಇಷ್ಟವಾದದ್ದು ಹಲ್ಲಿನ ಲೆಕ್ಕ. ಕಾರ್ಖಾನೆಯಿಂದ ಬರುವ ಹಲವು ಫಿಕ್ಸೆಡ್ ಸೈಕಲ್ಲುಗಳಲ್ಲಿ ಮುಂದಿನ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16. ಹದಿನಾರು ಮೂರಲಿ ನಲವತ್ತೆಂಟು. ಅಂದರೆ ಪೆಡಲು ಒಂದು ಸುತ್ತು ಬಂದರೆ ಚಕ್ರ ಸರಿಯಾಗಿ ಮೂರು ಸುತ್ತು. ಸವಾರ ನಿಲ್ಲಿಸಲು ಪ್ರತಿಸಲವೂ ಅದೇ ಕಾಲನ್ನು ಮುಂದಿಟ್ಟು ಜಾರಿಸುತ್ತಾನಾದ್ದರಿಂದ, ಟೈರಿನ ಅದೇ ಒಂದು ಜಾಗ ಪ್ರತಿಸಲವೂ ಡಾಂಬರಿಗೆ ಉಜ್ಜುತ್ತದೆ. ಉಳಿದ ಟೈರು ಹೊಸದರಂತೆಯೇ ಇರುವಾಗ ಅದೊಂದು ಜಾಗ ಸವೆದು ನೂಲು ಕಾಣಿಸುತ್ತದೆ. ಮುಂದೆ ಒಂದು ಹಲ್ಲು ಕಡಿಮೆ ಮಾಡಿ 47 ಇಟ್ಟರೆ ಅದೇ ಸವೆತ 16 ಜಾಗಗಳಿಗೆ ಹಂಚಿಹೋಗುತ್ತದೆ. ಸಮಸ್ಯೆ ಹೈಸ್ಕೂಲಿನ ಭಿನ್ನರಾಶಿಯಷ್ಟೇ. ಗಾಳಿ ಸುರಂಗದಲ್ಲಿ ಕೂತು ಚೌಕಟ್ಟಿನ ಕೊಳವೆಗೆ ಗಾಳಿ ಎಷ್ಟು ತಾಗುತ್ತದೆ ಎಂದು ಅಳೆಯುವ ಉದ್ಯಮಕ್ಕೆ ಇದು ಹೊಳೆಯಲಿಲ್ಲವೇ? ಹೊಳೆದಿರಬಹುದು; ಟೈರು ಮಾರುವವರೂ ಅವರೇ. ಅಥವಾ, ವೆಲೊಡ್ರೋಮಿನಲ್ಲಿ ಸಿಗ್ನಲ್ ದೀಪವಿರುವುದಿಲ್ಲವಲ್ಲ ಎಂಬ ಉತ್ತರ ಸಿದ್ಧವಿದ್ದಿರಬಹುದು.

ಕಂಪನಿ ಹೀಗೆ ಜಾಣತನದಿಂದ ಪಕ್ಕಕ್ಕೆ ಸರಿದ ಮೇಲೆ ಕಟಕಟೆಗೆ ಹತ್ತುವವನು ಸವಾರ. 2006ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಪೊಲೀಸರು ಬ್ರೇಕಿಲ್ಲದ ಫಿಕ್ಸೆಡ್ ಸೈಕಲ್ಲಿಗೆ ದಂಡ ಹಾಕಿದ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಒಣಗಿದ, ಸಮತಟ್ಟಾದ, ಸ್ವಚ್ಛ ರಸ್ತೆಯಲ್ಲಿ ಚಕ್ರವನ್ನು ಜಾರಿಸಬಲ್ಲ ಬ್ರೇಕು ಇರಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಜಾರಿಸುವುದೇ ಪರೀಕ್ಷೆಯಾದರೆ ನನ್ನ ಕಕ್ಷಿದಾರರು ಪ್ರಥಮ ದರ್ಜೆಯಲ್ಲಿ ಪಾಸು ಎಂಬುದು ವಕೀಲರ ವಾದದ ತಿರುಳು: ಗೇರೇ ಬ್ರೇಕು. ನ್ಯಾಯಾಧೀಶರು ಒಪ್ಪಲಿಲ್ಲ, ಬ್ರೇಕು ಸೈಕಲ್ಲಿನ ಮೇಲಿರುವ ಪ್ರತ್ಯೇಕ ಸಾಧನವಾಗಿರಬೇಕು ಎಂದರು. ಬ್ರಿಟನ್ನಿನ 1983ರ ನಿಯಮದಲ್ಲಾದರೋ ಮುಂದೊಂದು ಬ್ರೇಕಿದ್ದರೆ ಸಾಕು, ಹಿಂದಿನದನ್ನು ಕಾಲು ನೋಡಿಕೊಳ್ಳಬಹುದು. ಒಂದೇ ಕಾಲು, ಅಟ್ಲಾಂಟಿಕ್ ದಾಟಿದರೆ ಬ್ರೇಕಿನ ಸ್ಥಾನಮಾನ ಹೋಗಿ ಬರೀ ಕಾಲಾಗುತ್ತದೆ.

ಸವಾರರನ್ನು ಪೂರ್ತಿ ಬಿಟ್ಟುಬಿಡುವುದೂ ನ್ಯಾಯವಲ್ಲ. ದೊಡ್ಡ ಕಂಪನಿಯ ಹೆಸರು ಕಂಡರೆ ಮೂಗು ಮುರಿಯುವವರು, ಜಪಾನಿನ ಕೀರಿನ್ ಎಂಬ ಸೈಕಲ್ ಪಂದ್ಯಕ್ಕೆ ಅನುಮೋದನೆ ಪಡೆದ ‘ಎನ್‌ಜೆಎಸ್’ ಮುದ್ರೆಯ ಬಿಡಿಭಾಗವೆಂದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಕೀರಿನ್ 1948ರಲ್ಲಿ ಶುರುವಾದದ್ದು ಜೂಜಿನ ಪಂದ್ಯವಾಗಿ. ಆ ಮುದ್ರೆ ಇರುವುದು ಬಾಜಿ ಕಟ್ಟುವವರಿಗೆ ಮೋಸವಾಗದಿರಲಿ ಎಂದು. ಬಾಜಿಯೂ ಇಲ್ಲ, ಪಂದ್ಯವೂ ಇಲ್ಲ. ಕಾಫಿ ಅಂಗಡಿಯ ಮುಂದೆ ಒಂದು ಗಂಟೆ ನಿಲ್ಲುವ ಸೈಕಲ್ಲಿಗೆ ಸೀಟಿನ ಕಂಬದಿಂದ ಹಿಡಿದು ಎಲ್ಲದಕ್ಕೂ ಮುದ್ರೆ ಬೇಕು.

ಕೊನೆಗೆ ವಾಲ್‌ಮಾರ್ಟ್ ಬಂತು. ಡಯಪರ್, ದೊಡ್ಡ ಡಬ್ಬಿಯ ಸಾಸು, ಅದರಾಚೆಯ ಸಾಲಿನಲ್ಲಿ 150 ಡಾಲರ್ ಆಸುಪಾಸಿಗೆ ಮಂಗೂಸ್ ಕಂಪನಿಯ ಫಿಕ್ಸೆಡ್ ಸೈಕಲ್. ಬಂಡಾಯಕ್ಕೆ ಬಿಲ್ಲು, ಬಾರ್‌ಕೋಡು, ಹಿಂದಿರುಗಿಸುವ ಅವಕಾಶ ಎಲ್ಲವೂ ದೊರೆತ ದಿನ ಹಳೆಯ ಸವಾರರು ಅತ್ತರು. ನಿಜವಾದ ಕೊರಿಯರ್ ಹುಡುಗ ಬೆಲೆ ನೋಡಿ ಒಂದು ಕೊಂಡಿರಲೂಬಹುದು.

ಬ್ರೇಕಿಲ್ಲದ ಟ್ರ್ಯಾಕ್ ಸೈಕಲ್ಲುಗಳು ಬೀದಿಯಲ್ಲೇ ಓಡುವ ಒಂದು ಪಂದ್ಯವೂ ಹುಟ್ಟಿತ್ತು. 2008ರಲ್ಲಿ ಬ್ರೂಕ್ಲಿನ್ನಿನಲ್ಲಿ ಒಬ್ಬರ ಹುಟ್ಟುಹಬ್ಬದ ನೆಪದಲ್ಲಿ ಶುರುವಾದ ರೆಡ್ ಹುಕ್ ಪಂದ್ಯ ಬಾರ್ಸಿಲೋನಾ, ಮಿಲಾನ್, ಲಂಡನ್ನಿಗೂ ಹಬ್ಬಿತು. ಕಂಪನಿಗಳು ತಂಡ ಕಟ್ಟಿ ಜೆರ್ಸಿ ತೊಡಿಸಿ ಓಡಿಸಿದವು. 2018ರ ನಂತರ ಅದು ನಡೆಯಲಿಲ್ಲ. ಅಷ್ಟರಲ್ಲಿ ಮಾರಾಟ ವಿಭಾಗದ ಕಣ್ಣು ಜಲ್ಲಿಕಲ್ಲಿನ ಹಾದಿಯ ಮೇಲೆ ಬಿದ್ದಿತ್ತು. ಅದರ ಹೆಸರು ಗ್ರಾವೆಲ್ ಬೈಕ್. 2020ರಲ್ಲಿ ಸೈಕಲ್ ಬಿಡಿಭಾಗ ಮಾಡುವ ಇಟಲಿಯ ಕಂಪಾನ್ಯೋಲೊ ಕಂಪನಿ ಅದಕ್ಕೆಂದೇ ಹಿಂದಿನ ಚಕ್ರಕ್ಕೆ 13 ಗೇರು ಕೊಟ್ಟಿತು. ಕ್ಯಾಟಲಾಗಿನಲ್ಲಿ ಈಗ ಗೀಚಿನ ಗೋಡೆಯಿಲ್ಲ, ಧೂಳಿದೆ, ಬೆಟ್ಟವಿದೆ. ಹಚ್ಚೆಯ ಹುಡುಗನಿಗೆ ಗಡ್ಡ ಬಂದಿದೆ, ಕೈಯಲ್ಲಿ ತಗಡಿನ ಕಾಫಿ ಲೋಟ ಕೊಟ್ಟಿದ್ದಾರೆ. ಅದನ್ನು ಕೊಂಡವನು ಆಫೀಸಿಗೆ ಹೋಗುವ ದಾರಿಯಲ್ಲಿ ಜಲ್ಲಿ ಕಂಡರೆ ಇಳಿದು ತಳ್ಳಿಕೊಂಡು ಹೋಗುತ್ತಾನೆ; ಬಣ್ಣಕ್ಕೆ ಗೀರು ಬಿದ್ದರೆ ವಾರಂಟಿ ಇಲ್ಲ.