ಆರುನೂರೈವತ್ತು ಗಯಾನಾ

ಅಂಡಮಾನ್ ಸಮುದ್ರದಲ್ಲಿ ದಕ್ಷಿಣ ಅಮೆರಿಕದ ಗಯಾನಾದಷ್ಟು ತೈಲ ಸಿಕ್ಕರೆ ನಮ್ಮ ಆರ್ಥಿಕತೆ 3.7 ಲಕ್ಷ ಕೋಟಿ ಡಾಲರಿನಿಂದ 20 ಲಕ್ಷ ಕೋಟಿಗೆ ನೆಗೆಯುತ್ತದೆ ಎಂದು ಪೆಟ್ರೋಲಿಯಂ ಸಚಿವ ಹರದೀಪ್ ಸಿಂಗ್ ಪುರಿಯವರು 2025ರ ಜೂನ್‌ನಲ್ಲಿ ಹೇಳಿದ್ದರಲ್ಲ, ಅಂದಿನಿಂದ ನಾನು ಭಾಗಾಕಾರ ಮಾಡುತ್ತಿದ್ದೇನೆ. ಎಂಟು ಲಕ್ಷ ಚಿಲ್ಲರೆ ಜನರ ಗಯಾನಾದ ಇಡೀ ಆರ್ಥಿಕತೆ, ತೈಲವೂ ಸೇರಿ, ಸುಮಾರು 2,500 ಕೋಟಿ ಡಾಲರ್. ಹಾಗಾದರೆ ಆ ನೆಗೆತಕ್ಕೆ ನಮಗೆ ಬೇಕಾದದ್ದು ಆರುನೂರೈವತ್ತು ಗಯಾನಾ. ಅಂಡಮಾನಿನಲ್ಲಿ ಅಷ್ಟು ಜಾಗ ಸಾಲದಿದ್ದರೆ ನಿಕೋಬಾರಿಗೂ ಒಂದಿಷ್ಟು ಹಂಚಬಹುದು.

ಆಗಸ್ಟ್ 15ರಂದು ಕೆಂಪುಕೋಟೆಯಿಂದ, ಆಳ ಸಮುದ್ರದಲ್ಲಿ ತೈಲ, ಅನಿಲ ಹುಡುಕುವ ‘ಸಮುದ್ರ ಮಂಥನ’ ಯೋಜನೆಯೂ ಘೋಷಣೆಯಾಯಿತು. ಪುರಾಣದ ದೇವತೆಗಳು ಎಷ್ಟು ಹಿಂದುಳಿದವರು ನೋಡಿ: ಕಡೆದು ಮುಗಿಯುವವರೆಗೂ ಅಮೃತದ ಅಂದಾಜು ಮೌಲ್ಯವನ್ನು ಯಾರಿಗೂ ತಿಳಿಸಲಿಲ್ಲ. ಮುಂದಿನ ತಿಂಗಳು ಅಂಡಮಾನಿನ ಬಳಿ 295 ಮೀಟರ್ ನೀರಿನಡಿಯ ಬಾವಿಯೊಂದರಲ್ಲಿ ಅನಿಲ ಕಾಣಿಸಿತು. ಪರೀಕ್ಷೆಯಲ್ಲಿ ಜ್ವಾಲೆ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಅವಕಾಶಗಳ ಸಾಗರವೇ ತೆರೆಯಿತು ಎಂದು ಸಚಿವರು ಬರೆದರು. ಲಾಭಕ್ಕೆ ತೆಗೆಯುವಷ್ಟು ಅನಿಲ ಇದೆಯೇ ಎಂಬುದನ್ನು ಇನ್ನು ನೋಡಬೇಕು ಎಂದೂ ಬರೆದರು, ಪಾಪ.

ಗಯಾನಾದವರಿಗೆ ಅವಸರ ಜಾಸ್ತಿ. 2015ರಲ್ಲಿ ತೈಲ ಸಿಕ್ಕಿತು, 2019ರ ಡಿಸೆಂಬರಿನಲ್ಲಿ ಮೇಲೆ ಬಂತು. ನಾವು ಹಾಗೆ ದುಡುಕುವವರಲ್ಲ. ಕಾಕಿನಾಡದ ಆಚೆ, ಕೃಷ್ಣಾ-ಗೋದಾವರಿ ಕೊಳ್ಳದ 98/2 ಎಂಬ ತೈಲ ಬ್ಲಾಕನ್ನು ಕೇಂದ್ರ ಸರ್ಕಾರದ ತೈಲ ಕಂಪನಿ ಒಎನ್‌ಜಿಸಿ ವಹಿಸಿಕೊಂಡದ್ದು 2005ರಲ್ಲಿ. ಅಭಿವೃದ್ಧಿಗೆ 500 ಕೋಟಿ ಡಾಲರಿನ ಯೋಜನೆ ಒಪ್ಪಿಗೆಯಾದದ್ದು 2016ರಲ್ಲಿ. ತೈಲ ಬರುತ್ತದೆ ಎಂದದ್ದು 2020ರ ಮಾರ್ಚಿಗೆ, ಬಂದದ್ದು 2024ರ ಜನವರಿಯಲ್ಲಿ. ತಡವಾದರೂ ಬಂತಲ್ಲ, ಅದು ನಮ್ಮ ಪುಣ್ಯ.

ಈ 20 ಲಕ್ಷ ಕೋಟಿ ಎನ್ನುವುದು ಮಾತ್ರ ಬಹಳ ಶುಭಸಂಖ್ಯೆ. 2005ರಲ್ಲಿ ಗುಜರಾತ್ ಸರ್ಕಾರವೂ ಅದೇ ಕೊಳ್ಳದ ದೀನದಯಾಳ್ ಕ್ಷೇತ್ರದಲ್ಲಿ, ಅಷ್ಟೇನೂ ಆಳವಲ್ಲದ ನೀರಿನಲ್ಲಿ, 20 ಲಕ್ಷ ಕೋಟಿ ಘನ ಅಡಿ ಅನಿಲ ಸಿಕ್ಕಿದೆ ಎಂದು ಸಾರಿತ್ತು. ಅಭಿವೃದ್ಧಿ ಯೋಜನೆ ಬರೆಯುವ ಹೊತ್ತಿಗೆ ಅದು ಹತ್ತನೆಯ ಒಂದು ಪಾಲಿಗೆ ಕರಗಿತು. ಆ ಕ್ಷೇತ್ರವನ್ನು ಹಿಡಿದಿದ್ದ ರಾಜ್ಯದ ಕಂಪನಿ ಸಾಲದಲ್ಲಿ ಮುಳುಗಿತು. 2017ರಲ್ಲಿ ಒಎನ್‌ಜಿಸಿ ಸುಮಾರು 7,700 ಕೋಟಿ ರೂಪಾಯಿ ಕೊಟ್ಟು ಆ ಕ್ಷೇತ್ರದ ಶೇಕಡಾ 80 ಪಾಲನ್ನು ಕೊಂಡುಕೊಂಡಿತು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಅದು ನಮ್ಮ ದುಡ್ಡು. 20 ಎಂದು ಸಾರಿದವರನ್ನು, ಆ 20 ಎಲ್ಲಿ ಹೋಯಿತು ಎಂದು ಕೂರಿಸಿಕೊಂಡು ಕೇಳಿದವರಿಲ್ಲ. ನಾವು ಬಳಸುವ ತೈಲದಲ್ಲಿ ಆಮದಿನ ಪಾಲನ್ನು 2022ರೊಳಗೆ ನೂರಕ್ಕೆ 67ಕ್ಕೆ ಇಳಿಸುತ್ತೇವೆ ಎಂದು 2015ರಲ್ಲಿ ಪ್ರಧಾನಿ ಮಾತು ಕೊಟ್ಟಿದ್ದರು. ಅದು ಈಗ 85 ದಾಟಿದೆ. ಅದನ್ನೂ ಯಾರೂ ಕೇಳುತ್ತಿಲ್ಲ.